ಕಾರ್ಡಿನ ಮೂರನೆಯ ಸಾಲು

ಇದನ್ನು ಬರೆಯಲು ಕುಳಿತದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಅಂದು ಆ ಅಡುಗೆಮನೆಯಲ್ಲಿ ನಾನು ಇರಲಿಲ್ಲ. ಇದ್ದವರು ಇಬ್ಬರು. ಒಬ್ಬ ಸತ್ತುಹೋದ, ಇನ್ನೊಬ್ಬರಿಗೆ ಹೇಳಲಾಗುತ್ತಿಲ್ಲ. ಆದರೂ ಅಲ್ಲಿ ಆಡಿದ ಮಾತುಗಳಲ್ಲಿ ಒಂದು ನನ್ನದು. ಆ ಕಾರಣಕ್ಕಾದರೂ ನಾನು ಹೇಳಲೇಬೇಕು ಅನ್ನಿಸಿದೆ.

ನಾನು ವೆಂಡೆಲ್ ಕ್ರೆಬ್ಸ್. ಓಹಾಯೋದ ಈ ಪುಟ್ಟ ಊರಿನ ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷದಿಂದ ಕಿಟಕಿಯ ಹಿಂದೆ ಕುಳಿತಿದ್ದೇನೆ. ತಿಂಗಳಿಗೆ ಎರಡು ಶನಿವಾರ ಅಗ್ನಿಶಾಮಕ ಠಾಣೆಯ ಹಿಂದಿನ ಸಭಾಂಗಣದಲ್ಲಿ ಬಂದೂಕು ತರಗತಿ ನಡೆಸುತ್ತಿದ್ದೆ. ಪಿಸ್ತೂಲು ಜೊತೆಯಲ್ಲಿ ಒಯ್ಯಲು ಪರವಾನಗಿ ಬೇಕಾದವರು ಬರುತ್ತಿದ್ದರು. ಗುಂಡು ತುಂಬುವುದು, ಗುರಿ ಹಿಡಿಯುವುದು, ಮನೆಯಲ್ಲಿ ಬೀಗ ಹಾಕಿ ಇಡುವುದು, ಇಷ್ಟನ್ನು ಎಲ್ಲರೂ ಕಲಿಸುತ್ತಾರೆ. ಗುಂಡು ಹಾರಿಸಿದ ಮೇಲೆ ಏನು ಎಂಬುದನ್ನು ಸರಿಯಾಗಿ ಯಾರೂ ಕಲಿಸುವುದಿಲ್ಲ ಎಂಬುದು ನನ್ನ ಕೊರಗಾಗಿತ್ತು. ಕೈ ನಡುಗುತ್ತಿರುವಾಗ, ಕಿವಿ ಗುಂಯ್ಗುಡುತ್ತಿರುವಾಗ ಮನುಷ್ಯ ಏನೇನೋ ಬಡಬಡಿಸುತ್ತಾನೆ. ಆ ಬಡಬಡಿಕೆಯೆಲ್ಲ ಧ್ವನಿಮುದ್ರಣವಾಗಿ ಕೋರ್ಟಿಗೆ ಹೋಗುತ್ತದೆ.

ಆದ್ದರಿಂದ ನಾನು ಒಂದು ಕಾರ್ಡು ಮಾಡಿಸಿದೆ. ಅಂಗೈಯಗಲ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಅದರಲ್ಲಿ ಐದು ಸಾಲು:

ಈ ವ್ಯಕ್ತಿ ನನ್ನ ಮೇಲೆ ಆಕ್ರಮಣ ಮಾಡಿದ.
ನನ್ನ ಜೀವಕ್ಕೆ ಅಪಾಯವಿದೆ ಎಂದು ನಾನು ಭಯಪಟ್ಟೆ.
ಆತ ನನ್ನತ್ತ ಬರುತ್ತಿದ್ದ.
ಕೂಡಲೇ ಆಂಬುಲೆನ್ಸ್ ಕಳುಹಿಸಿ.
ಉಳಿದದ್ದನ್ನು ವಕೀಲರ ಜೊತೆ ಮಾತನಾಡಿ ಹೇಳುತ್ತೇನೆ.

ನಾಲ್ಕು ಸಾಲು ನನಗೆ ತರಬೇತಿಯಲ್ಲಿ ಕಲಿಸಿದ್ದು. ಮೂರನೆಯದು ನನ್ನದು. ಅಚ್ಚಿನ ಕರಡು ನೋಡಿದಾಗ ನಡುವೆ ಖಾಲಿ ಜಾಗ ಕಂಡಿತು. ಏನೋ ಸಾಲದು ಅನ್ನಿಸಿತು. ನಮ್ಮ ಗುರಿ ಅಭ್ಯಾಸದ ಜಾಗದಲ್ಲಿ ಕಾಗದದ ಮನುಷ್ಯನನ್ನು ತಂತಿಗೆ ಸಿಕ್ಕಿಸಿರುತ್ತೇವೆ. ಗುಂಡಿ ಒತ್ತಿದರೆ ಅವನು ಜರ್ರೆಂದು ನಮ್ಮ ಕಡೆಗೇ ಬರುತ್ತಾನೆ. ಹನ್ನೊಂದು ವರ್ಷ ಅವನನ್ನು ನೋಡಿದವನಿಗೆ ಮನುಷ್ಯರು ತಿರುಗಿಯೂ ನಿಲ್ಲಬಹುದು ಎಂದು ಹೊಳೆಯಲಿಲ್ಲ.

ನಡೀನ್ ಹಾಸ್ಲರ್ ನನ್ನ ತರಗತಿಗೆ ಬಂದದ್ದು ಎರಡು ವರ್ಷದ ಹಿಂದೆ. ಪ್ರಾಥಮಿಕ ಶಾಲೆಯ ಅಡುಗೆಮನೆಯ ಮುಖ್ಯಸ್ಥೆ. ಗಂಡ ತೀರಿಕೊಂಡ ಮೇಲೆ ಊರಾಚೆಯ ರಸ್ತೆಯಲ್ಲಿ ಒಬ್ಬರೇ. ಇನ್ನೂರು ಮಕ್ಕಳ ಹೆಸರು, ಯಾರಿಗೆ ಕಡಲೆಕಾಯಿ ಆಗದು, ಯಾರಿಗೆ ಹಾಲು ಆಗದು ಎಲ್ಲ ಬಾಯಿಪಾಠ. ಆದರೆ ನಾಲ್ಕು ಜನರ ಮುಂದೆ ಮಾತಾಡು ಎಂದರೆ ಕುತ್ತಿಗೆಯವರೆಗೆ ಕೆಂಪಾಗುತ್ತಾರೆ. ನನ್ನನ್ನು ತಮಾಷೆಗೆ ಮೇಷ್ಟ್ರೇ ಎಂದು ಕರೆಯುತ್ತಿದ್ದರು.

"ಮೇಷ್ಟ್ರೇ, ಗುಂಡು ಹೊಡೆಯೋದು ಪರವಾಗಿಲ್ಲ, ಆಮೇಲೆ ಪೊಲೀಸ್ರ ಹತ್ರ ಮಾತಾಡ್ಬೇಕಲ್ಲ, ಅದಕ್ಕೇ ಭಯ" ಎಂದಿದ್ದರು.

"ಅದಕ್ಕೇ ಕಾರ್ಡು ಇರೋದು. ಬಾಯಿಪಾಠ ಮಾಡಿ. ಇದರ ಆಚೆ ಒಂದು ಮಾತೂ ಬೇಡ."

"ಸೂಪ್ ಕಲಕುತ್ತಾ ಹೇಳ್ಕೊಂಡ್ರೆ ಆಗುತ್ತಾ?"

"ಹೇಗಾದ್ರೂ ಆಗುತ್ತೆ."

ಆ ದಿನ ನಾನು ಖುಷಿಯಾಗಿ ಮನೆಗೆ ಹೋದೆ. ಅದನ್ನೂ ಮುಚ್ಚಿಡುವುದಿಲ್ಲ.

ಕಳೆದ ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಮೂರು ಗಂಟೆ. ಚರ್ಚಿನ ಊಟಕ್ಕೆಂದು ನಡೀನ್ ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಕಾಳು, ಮಾಂಸ ಬೇಯಿಸುತ್ತಿದ್ದರು. ಹಿಂಬಾಗಿಲ ಗಾಜು ಒಡೆದು ಲೈಲ್ ಟ್ಯಾಕೆಟ್ ಎಂಬವನು ಒಳಗೆ ಬಂದ. ಬೇಸಿಗೆಯಲ್ಲಿ ಅವರ ಮನೆ ಜಗಲಿಗೆ ಬಣ್ಣ ಹೊಡೆದವನು. ಆಮೇಲೆ ಎರಡು ಸಲ ಕುಡಿದು ಬಂದು ಬಾಗಿಲು ಬಡಿದಿದ್ದ. ಆ ದಿನ ಕೈಯಲ್ಲಿ ಕಾರಿನ ಚಕ್ರ ಬಿಚ್ಚುವ ಕಬ್ಬಿಣದ ಸಲಾಕೆ ಇತ್ತು. ನಡೀನ್ ಡ್ರಾಯರಿನಿಂದ ರಿವಾಲ್ವರ್ ತೆಗೆದು ಎರಡು ಗುಂಡು ಹಾರಿಸಿದರು. ಒಂದು ಬಾಗಿಲ ಚೌಕಟ್ಟಿಗೆ. ಇನ್ನೊಂದು ಅವನಿಗೆ. ಆಸ್ಪತ್ರೆಯಲ್ಲಿ ಎಚ್ಚರ ಬರದೆ ಎರಡನೆಯ ದಿನ ಅವನು ಸತ್ತ.

ನಡೀನ್ ತಾವೇ ತುರ್ತು ಸಂಖ್ಯೆಗೆ ಕರೆ ಮಾಡಿ ಐದು ಸಾಲನ್ನೂ ಹೇಳಿದರು. ಪೊಲೀಸರು ಬಂದಾಗ ಮತ್ತೆ ಐದು ಸಾಲು. ಠಾಣೆಯಲ್ಲಿ ಇನ್ನೊಮ್ಮೆ. ಅಕ್ಷರ ತಪ್ಪಿಲ್ಲ. ಅದರ ಆಚೆ ಒಂದು ಮಾತಿಲ್ಲ.

ಸೋಮವಾರ ಊರಿನ ಹೋಟೆಲಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಯಾರೋ ನಡೀನ್ ಮನೆಗೆ ಹೂ ಕಳಿಸಿದ್ದರು. ಇನ್ಯಾರೋ ಅವರಿಗೆ, ಕೌಬಾಯ್ ಸಿನಿಮಾದ ಪೊಲೀಸ್ ಅಧಿಕಾರಿಯಂತೆ, ಶೆರಿಫ್ ಎಂದು ಹೆಸರಿಟ್ಟಿದ್ದರು.

"ವೆಂಡೆಲ್, ನನಗೂ ಒಂದು ಕಾರ್ಡು ಕೊಡೋ" ಎಂದ ಪಕ್ಕದ ಮೇಜಿನವನು. "ಹೆಂಡತಿ ಬೈದಾಗ ಓದ್ತೀನಿ. ನನ್ನ ಜೀವಕ್ಕೆ ಅಪಾಯವಿದೆ, ಕೂಡಲೇ ಆಂಬುಲೆನ್ಸ್ ಕಳುಹಿಸಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನನಗಿನ್ನೂ ಗೊತ್ತಿರಲಿಲ್ಲ.

ಶಾಲೆಯವರು ನಡೀನ್‌ಗೆ, ವಿಷಯ ಇತ್ಯರ್ಥವಾಗುವವರೆಗೆ ಮನೆಯಲ್ಲಿರಿ ಎಂದರು. ಒಂದೆರಡು ವಾರ ಆದೀತು ಎಂದು ನಡೀನ್ ತಮ್ಮ ಏಪ್ರನ್ನನ್ನು ಅಡುಗೆಮನೆಯ ಗೂಟದಲ್ಲೇ ಬಿಟ್ಟು ಬಂದರು.

ಮೂರನೆಯ ವಾರ ಡಿಟೆಕ್ಟಿವ್ ಸ್ಟ್ರಿಕ್ಲರ್ ನನ್ನ ಕಿಟಕಿಗೆ ಬಂದ. ನಾವಿಬ್ಬರೂ ಹಿಂದೆ ಸಂಜೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಪ್ರಬಂಧ ಬರೆಯಲು ಕಲಿತವರು. ಅವನು ಜೇಬಿನಿಂದ ಒಂದು ಫೋಟೋ ತೆಗೆದು ಇಟ್ಟ. ನಡೀನ್ ಮನೆಯ ಫ್ರಿಜ್ಜಿನ ಬಾಗಿಲು. ಜೋಳದ ತೆನೆಯ ಆಕಾರದ ಅಯಸ್ಕಾಂತದ ಕೆಳಗೆ ನನ್ನ ಕಾರ್ಡು.

"ನಿನ್ನ ಬರವಣಿಗೆ ಅಲ್ವಾ ಇದು?"

"ಹೌದು. ಅದರಲ್ಲಿ ತಪ್ಪೇನಿದೆ?"

"ವೆಂಡೆಲ್, ಗುಂಡು ಹೊಕ್ಕಿರೋದು ಬೆನ್ನಿನ ಕಡೆಯಿಂದ. ಎಡಗಡೆ, ಸೊಂಟದ ಮೇಲೆ. ಆಯಮ್ಮ ಮೂರು ಸಲ ಹೇಳಿದಾಳೆ, ಆತ ನನ್ನತ್ತ ಬರುತ್ತಿದ್ದ ಅಂತ. ಮೂರೂ ಸಲ ರೆಕಾರ್ಡ್ ಆಗಿದೆ."

"ಆ ಸಾಲು ಅವರದ್ದಲ್ಲ, ನಂದು. ನಾನೇ ಸೇರಿಸಿದ್ದು. ಅವರು ಬರೀ ಪಾಠ ಒಪ್ಪಿಸಿದ್ದು" ಎಂದೆ. ಹಾಗೆಂದರೆ ಅವರು ಬಚಾವಾಗುತ್ತಾರೆ ಎಂದುಕೊಂಡಿದ್ದೆ.

ಸ್ಟ್ರಿಕ್ಲರ್ ತಲೆ ಅಲ್ಲಾಡಿಸಿದ. "ಹಾಗಾದ್ರೆ ಇನ್ನೂ ಕಷ್ಟ. ಅವಳು ಏನು ನೋಡಿದಳು ಅಂತ ಒಂದು ಸಲವೂ ಹೇಳಿಲ್ಲ ಅಂದ ಹಾಗಾಯ್ತು. ನನಗೆ ಅವಳ ಮೇಲೆ ದ್ವೇಷ ಇಲ್ಲ ಕಣೋ. ನನ್ನ ಮಗಳಿಗೆ ಆರು ವರ್ಷ ಊಟ ಬಡಿಸಿದಾಳೆ. ಸಲಾಕೆ ಬೀಸೋಕೆ ತಿರುಗಿದ್ನೋ, ಓಡಿಹೋಗೋಕೆ ತಿರುಗಿದ್ನೋ, ಚಾಕು ಇರೋ ಕಡೆ ತಿರುಗಿದ್ನೋ, ಅವಳ ಬಾಯಿಂದ ಬರಬೇಕು. ಅವಳ ಮಾತಲ್ಲಿ. ಆಮೇಲೆ ಸರ್ಕಾರದ ಪರ ಮೊಕದ್ದಮೆ ಹೂಡೋ ಜಿಲ್ಲಾ ವಕೀಲರು ತೀರ್ಮಾನ ಮಾಡ್ತಾರೆ, ಈ ಕಡೆನೋ ಆ ಕಡೆನೋ."

ಹೋಗುವಾಗ ಹಿಂದಿರುಗಿ ನೋಡಿ ನಕ್ಕ. "ನಮ್ಮ ಟೀಚರ್ ನಿನ್ನ ಪ್ರಬಂಧದ ಅಂಚಲ್ಲಿ ಕೆಂಪು ಇಂಕಲ್ಲಿ ಏನು ಬರೀತಿದ್ರು, ನೆನಪಿದ್ಯಾ?"

ನೆನಪಿತ್ತು. 'ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ.' ಪ್ರತಿಯೊಂದು ಪ್ರಬಂಧಕ್ಕೂ ಅದೇ. ನನ್ನ ಮಾತಿನ ಮೇಲೆ ನನಗೆ ಎಂದೂ ನಂಬಿಕೆ ಇರಲಿಲ್ಲ. ಅದಕ್ಕೇ ಇರಬೇಕು, ಬೇರೆಯವರಿಗೂ ಸಿದ್ಧ ಮಾತು ಹಂಚಲು ಹೊರಟದ್ದು.

ಅಲ್ಲಿಂದ ಶುರುವಾಯಿತು ಅಲೆದಾಟ. ನಡೀನ್‌ರ ವಕೀಲರಿಗೆ ಕರೆ ಮಾಡಿದೆ. ಆಕೆ ಬಾಯಿ ಬಿಡಬಾರದು, ನೀವು ಆಕೆಯ ಹತ್ತಿರವೂ ಹೋಗಬಾರದು, ನೀವು ಸಾಕ್ಷಿ ಆಗಬಹುದು ಎಂದರು. ಜಿಲ್ಲಾ ವಕೀಲರ ಕಚೇರಿಗೆ ಹೋದೆ. ಬರವಣಿಗೆಯಲ್ಲಿ ಕೊಡಿ ಎಂದರು. ಆ ಸಾಲು ನನ್ನದೆಂದು ಬರೆದು ಕೊಟ್ಟೆ. ಎರಡು ತಿಂಗಳಾದ ಮೇಲೆ, ಅಂಥ ಪತ್ರ ಬಂದಿಲ್ಲ ಎಂದರು. ಮತ್ತೆ ಬರೆದೆ. ಶಾಲೆಯ ಮಂಡಳಿಯ ಸಭೆಗೆ ಹೋಗಿ ಕೈಯೆತ್ತಿದೆ. ಇದು ಇವತ್ತಿನ ಪಟ್ಟಿಯಲ್ಲಿಲ್ಲ ಎಂದು ಕೂರಿಸಿದರು. ಮುಂದಿನ ಸಭೆಗೆ ಹೋದೆ. ಸಿಬ್ಬಂದಿ ವಿಷಯ, ಬಹಿರಂಗವಾಗಿ ಮಾತಾಡುವಂತಿಲ್ಲ ಎಂದರು. ಮನೆಗೆ ಬಂದು ತಟ್ಟೆಯ ಮುಂದೆ ಕೂತು, ಪ್ರಪಂಚದಲ್ಲಿ ಯಾರಿಗೂ ಏನೂ ಹೇಳುವ ಹಾಗಿಲ್ಲವಲ್ಲ ಎಂದು ಗೋಡೆಗೆ ಬೈದೆ. ಆಮೇಲೆ ನಾನೇ ಹೇಳಿಕೊಟ್ಟದ್ದು ನೆನಪಾಯಿತು: ಇದರ ಆಚೆ ಒಂದು ಮಾತೂ ಬೇಡ.

ಜನವರಿಯಲ್ಲಿ ಲೈಲ್‌ನ ತಾಯಿ ಓಪಲ್ ನನ್ನ ಕಿಟಕಿಗೆ ಬಂದರು. ಎಂಬತ್ತರ ಹತ್ತಿರದ ಹೆಂಗಸು. ತಲೆಗೆ ಉಣ್ಣೆಯ ಟೋಪಿ, ಕೈಗವಸು ತೆಗೆಯಲಿಲ್ಲ.

"ನೀನೇ ಅಲ್ವೇನಪ್ಪ ಆಯಮ್ಮನಿಗೆ ಕಲಿಸಿದ್ದು?"

"ಹೌದು, ಅಮ್ಮಾ."

"ನಾನು ಜಗಳಕ್ಕೆ ಬಂದಿಲ್ಲ. ನನ್ನ ಮಗ ಒಳ್ಳೆಯವನು ಅಂತ ಹೇಳೋಕೂ ಬಂದಿಲ್ಲ, ಹೆತ್ತವಳಿಗೆ ಗೊತ್ತಿರುತ್ತೆ. ಆಯಮ್ಮನ್ನ ಒಂದೇ ಒಂದು ಕೇಳು. ಅವನು ವಾಪಸ್ ಹೊರಟಿದ್ನಾ? ಬಾಗಿಲ ಕಡೆ ಮುಖ ಇತ್ತಾ? ಅಷ್ಟೇ ಸಾಕು."

"ನನಗೆ ಆಕೆ ಹತ್ರ ಮಾತಾಡೋ ಹಾಗಿಲ್ಲ ಅಮ್ಮಾ."

"ಕಾಯ್ತೀನಿ ಬಿಡು. ನನಗೇನು ಕೆಲಸ."

ಮೇ ತಿಂಗಳಲ್ಲಿ ಜಿಲ್ಲಾ ವಕೀಲರಿಂದ ನಡೀನ್‌ಗೆ ಕಾಗದ ಬಂತು. ಈಗಿರುವ ಸಾಕ್ಷ್ಯದ ಮೇಲೆ ಸದ್ಯಕ್ಕೆ ಮೊಕದ್ದಮೆ ಹೂಡುತ್ತಿಲ್ಲ. ಊರಿನವರು ಗೆದ್ದೆವು ಎಂದು ಕುಣಿದರು. ಶಾಲೆಯವರು ಮಾತ್ರ ಕಾಗದವನ್ನು ಎರಡು ಸಲ ಓದಿ, 'ಸದ್ಯಕ್ಕೆ' ಎಂದಿದೆಯಲ್ಲ, ಪ್ರಕರಣ ಮುಗಿದಾಗ ಬನ್ನಿ ಎಂದರು. ರಿವಾಲ್ವರು ಚೀಟಿ ಕಟ್ಟಿಸಿಕೊಂಡು ಪೊಲೀಸರ ಕೋಣೆಯಲ್ಲೇ ಉಳಿಯಿತು. ಅದು ತಮಗೆ ಬೇಡವೇ ಬೇಡ ಎಂದು ನಡೀನ್ ಹೇಳಿದರೂ, ಬೇಡ ಎನ್ನಲು ಕೂಡ ಪ್ರಕರಣ ಮುಗಿಯಬೇಕಂತೆ.

ಸ್ಟ್ರಿಕ್ಲರ್ ಕೊನೆಗೆ ನಡೀನ್‌ರ ವಕೀಲರನ್ನು ಒಪ್ಪಿಸಿದ. ನಡೀನ್ ತಮ್ಮ ಮಾತಿನಲ್ಲಿ ಹೊಸ ಹೇಳಿಕೆ ಕೊಟ್ಟರೆ, ಗಾಯಕ್ಕೆ ಹೊಂದಿದರೆ, ಕಡತ ಮುಚ್ಚಬಹುದು. ಆಗಸ್ಟಿನಲ್ಲಿ ಶಾಲೆ ತೆರೆಯುವಾಗ ಅವರು ಒಲೆಯ ಮುಂದಿರಬಹುದು. ಹೇಳಿಕೆ ಕೊಡುವ ಹಿಂದಿನ ದಿನ ನಡೀನ್ ನನ್ನನ್ನು ಕರೆದರು. ವಕೀಲರು, ಹೋಗಿ, ಆದರೆ ಒಂದಕ್ಷರ ಹೇಳಿಕೊಡಬೇಡಿ ಎಂದು ಎಚ್ಚರಿಸಿದ್ದರು. ಹೇಳಿಕೊಡುವ ಧೈರ್ಯ ನನ್ನಲ್ಲಿ ಉಳಿದಿದ್ದರೆ ತಾನೆ.

ಅಡುಗೆಮನೆಗೆ ಹೊಸ ಗಾಜು ಬಂದಿತ್ತು. ಫ್ರಿಜ್ಜಿನ ಮೇಲೆ ಜೋಳದ ತೆನೆ ಮಾತ್ರ ಇತ್ತು, ಕಾರ್ಡು ಇರಲಿಲ್ಲ. ನಡೀನ್ ಕಾಫಿ ಕೊಟ್ಟು ಎದುರು ಕುಳಿತರು. ತುಂಬ ಇಳಿದುಹೋಗಿದ್ದರು.

"ಸುಮ್ನೆ ನನಗೆ ಹೇಳ್ತಾ ಹೋಗಿ. ತರಗತಿ ಅಲ್ಲ ಇದು" ಎಂದೆ.

ಅವರು ಹೇಳತೊಡಗಿದರು. ನನಗೆ ಆಶ್ಚರ್ಯವಾಯಿತು, ಎಷ್ಟು ಚೆನ್ನಾಗಿ ಹೇಳುತ್ತಿದ್ದಾರಲ್ಲ ಎಂದು.

"ಈರುಳ್ಳಿ ಹೆಚ್ಚಿ ಮುಗಿಸಿದ್ದೆ, ಕಣ್ಣು ಉರೀತಿತ್ತು. ಗಾಜು ಒಡೆದಾಗ ಬೆಕ್ಕು ಏನೋ ಬೀಳಿಸ್ತು ಅಂದ್ಕೊಂಡೆ. ತಿರುಗಿದ್ರೆ ಇವನು. ಬೂಟಿನ ಮೇಲೆ ನಮ್ಮ ಜಗಲಿ ಬಣ್ಣ ಇನ್ನೂ ಇತ್ತು, ಬೂದು ಬಣ್ಣ. 'ಮಿಸ್ ನಡೀನ್, ಕೂಗಬೇಡಿ' ಅಂದ. ನಾನೆಲ್ಲಿ ಕೂಗ್ತಿದ್ದೆ. ಡ್ರಾಯರ್ ಎಳೆದೆ, ಅರ್ಧಕ್ಕೆ ಸಿಕ್ಕಿಕೊಳ್ತು, ಅದು ಯಾವಾಗ್ಲೂ ಸಿಕ್ಕಿಕೊಳ್ಳುತ್ತೆ. ಕೈಗೆ ಬಂತು. ಎರಡೂ ಕೈಲಿ ಹಿಡ್ಕೊಂಡೆ, ನೀವು ಹೇಳಿದ ಹಾಗೆ. ಅವನು ಅದನ್ನ ನೋಡಿದ. ಆಮೇಲೆ..."

ನಾನು ಕಾಫಿ ಕೆಳಗಿಟ್ಟೆ.

"ಆತ ನನ್ನತ್ತ ಬರುತ್ತಿದ್ದ" ಎಂದರು ನಡೀನ್.

ದನಿಯೇ ಬೇರೆಯಾಗಿತ್ತು. ಶಾಲೆಯಲ್ಲಿ ಪ್ರತಿಜ್ಞೆ ಒಪ್ಪಿಸುವ ಮಕ್ಕಳ ದನಿ.

"ನಡೀನ್, ಅದು ಕಾರ್ಡಲ್ಲಿರೋದು."

"ಗೊತ್ತು."

"ಅವನು ಪಿಸ್ತೂಲು ನೋಡಿದ ಮೇಲೆ ಏನು ಮಾಡಿದ? ನಿಧಾನವಾಗಿ ನೆನಪು ಮಾಡ್ಕೊಳ್ಳಿ."

ಅವರು ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ಮತ್ತೆ ಅದೇ ಸಾಲು. ಮೇಜಿಗೆ ಅಂಗೈಯಿಂದ ಜೋರಾಗಿ ಹೊಡೆದರು, ಕಾಫಿ ತುಳುಕಿತು.

"ಆಗ್ತಿಲ್ಲ ಮೇಷ್ಟ್ರೇ! ಎಂಟು ತಿಂಗಳಿಂದ ಇದೇ. ಅಲ್ಲಿವರೆಗೂ ಎಲ್ಲ ಕಾಣುತ್ತೆ, ಬೂಟು ಕಾಣುತ್ತೆ, ಆಮೇಲೆ ಅವನ ಮುಖ ಹೋಗಿ ನಿಮ್ಮ ಕಾಗದದ ಮನುಷ್ಯ ಬರ್ತಾನೆ. ತಂತಿ ಮೇಲೆ, ಜರ್ರಂತ, ನನ್ನ ಕಡೆಗೇ. ಪ್ರತಿ ಸಲ ನನ್ನ ಕಡೆಗೇ ಬರ್ತಾನೆ. ಅವನು ತಿರುಗಿದ್ದ ಅಂತ ನಾಳೆ ನಾನು ಹೇಗೆ ಹೇಳ್ಲಿ? ನಾನು ನೋಡಿಲ್ವಲ್ಲ. ತಿರುಗಿಲ್ಲ ಅಂತನಾದ್ರೂ ಹೇಗೆ ಹೇಳ್ಲಿ?"

"ಏನಾದ್ರೂ ಒಂದು..." ಎಂದು ಬಾಯಿ ತೆರೆದೆ. ಅವನು ಸಲಾಕೆ ಬೀಸಲು ತಿರುಗಿದ ಎಂದರೆ ಎಲ್ಲವೂ ಹೊಂದುತ್ತಿತ್ತು. ನಾಲ್ಕೇ ಪದ. ನನ್ನ ನಾಲಿಗೆಯ ತುದಿಯಲ್ಲಿತ್ತು. ನಡೀನ್ ನನ್ನನ್ನೇ ನೋಡುತ್ತಿದ್ದರು. ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಒಂದು ಸಂಜೆಯಲ್ಲಿ ಬಾಯಿಪಾಠ ಮಾಡುತ್ತಿದ್ದರು.

ನಾನು ಬಾಯಿ ಮುಚ್ಚಿದೆ. ಒರೆಸುವ ಬಟ್ಟೆ ತಂದು ಕಾಫಿ ಒರೆಸಿದೆ.

ಮರುದಿನ ಅವರು ಠಾಣೆಗೆ ಹೋಗಿ, ನನಗೆ ನೆನಪಿಲ್ಲ ಎಂದು ಬರೆಸಿ ಸಹಿ ಹಾಕಿದರು. ಅದು ಅವರ ಸ್ವಂತ ಮಾತು. ಕಡತ ಮುಚ್ಚಲಿಲ್ಲ. ಆಗಸ್ಟಿನಲ್ಲಿ ಶಾಲೆಗೆ ಬೇರೆ ಅಡುಗೆಯವರು ಬಂದರು. ಏಪ್ರನ್ನನ್ನು ಯಾರೋ ಮಡಿಸಿ ಒಂದು ಚೀಲದಲ್ಲಿ ಹಾಕಿ ನಡೀನ್ ಮನೆ ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದರು.

ಉಳಿದ ಕಾರ್ಡುಗಳನ್ನು ನಾನು ಕತ್ತರಿಸಿ ಹಾಕಿದೆ. ತರಗತಿ ನಿಲ್ಲಿಸಿದ್ದೇನೆ. ಅದು ಸರಿಯೋ ಗೊತ್ತಿಲ್ಲ. ಕಾರ್ಡು ಇಲ್ಲದಿದ್ದರೆ ಅವರು ಗಾಬರಿಯಲ್ಲಿ ಇನ್ನೂ ಕೆಟ್ಟದ್ದೇನಾದರೂ ಹೇಳುತ್ತಿದ್ದರೇನೋ. ಆ ನಾಲ್ಕು ಪದ ನಾನು ಹೇಳಿಕೊಡಬೇಕಿತ್ತೋ ಏನೋ, ಅದೂ ಗೊತ್ತಿಲ್ಲ. ಓಪಲ್ ಈಗಲೂ ತಿಂಗಳಿಗೊಮ್ಮೆ ಕಿಟಕಿಗೆ ಬಂದು, ಏನೂ ಕೇಳದೆ ಸುಮ್ಮನೆ ನನ್ನ ಮುಖ ನೋಡುತ್ತಾರೆ. ಗುಂಡು ತಾಗಿದ ಹೊತ್ತಿನಲ್ಲಿ ಅವರ ಮಗನ ಮುಖ ಯಾವ ಕಡೆಗಿತ್ತು ಎಂಬುದು ನನಗೆ ಗೊತ್ತಿಲ್ಲ.