ಐದು ಬಿಳಿ ಆಕಾರ

"ಕಣ್ಣು ಕಾಣಲ್ವೇನ್ಲೇ ಬೋಳಿಮಗನೆ? ಹತ್ರ ಬಂದು ನೋಡು!"

ಸುದರ್ಶನ ಸಾಹೇಬರು ಕುತ್ತಿಗೆ ಹಿಡಿದು ಪುಟ್ಟಯ್ಯನ ಮುಖವನ್ನು ಟಿ.ವಿ.ಗೆ ಒತ್ತಿದರು. ಕಾಗದನಗರದ ಕಾರ್ಖಾನೆ ನಿಂತು ಕೆಲಸ ಹೋದ ಮೇಲೆ ಅವನು ಶಿವಮೊಗ್ಗದಲ್ಲಿ, ನಕ್ಸಲರನ್ನು ಹುಡುಕುವ ಪಡೆಯ ಈ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ. ಟಿ.ವಿ.ಯಲ್ಲಿ ಕಾಣುತ್ತಿದ್ದ ಕಾಡಿನಂಚಿನಲ್ಲಿ ಹುಟ್ಟಿದವನೆಂದು, ಅಲ್ಲಿ ನಡೆಯುವವರನ್ನು ಗುರುತಿಸಲು ಇವತ್ತು ಒಳಗೆ ಕರೆದಿದ್ದರು.

ಮೈಶಾಖವನ್ನು ಬಿಳಿಯಾಗಿ ತೋರಿಸುವ ಡ್ರೋನು ಕಳಿಸುತ್ತಿದ್ದ ಚಿತ್ರದಲ್ಲಿ ಹಳ್ಳದ ದಂಡೆಯಲ್ಲಿ ಐದು ಬಿಳಿ ಆಕಾರಗಳು ಹೊರೆ ಹೊತ್ತು ನಡೆಯುತ್ತಿದ್ದವು. ಕೊನೆಯದು ನಾಲ್ಕು ಹೆಜ್ಜೆಗೊಮ್ಮೆ ನಿಂತು, ಸೊಂಟಕ್ಕೆ ಕೈಕೊಟ್ಟು, ಮತ್ತೆ ನಡೆಯುತ್ತಿತ್ತು. ಹಾಗೆ ನಡೆಯುವವಳು ಅವನ ಅಕ್ಕ ಕಾಳಮ್ಮ. ಊರ ಹೆಂಗಸರ ಜೊತೆ ಸೀಗೆಕಾಯಿಗೆ ಹೋಗಿದ್ದಾಳೆ.

"ನಿಮ್ಮೂರೋರಾ? ಹಂಗಾದ್ರೆ ನಕ್ಸಲ್ರಿಗೆ ಅಕ್ಕಿ ಹೊರೋರೂ ನೀವೇ. ನಿನ್ನೂ ಒಳಗಾಕ್ತೀನಿ. ಬೊಗಳು, ಗೊತ್ತಾ ಇವ್ರು?"

ಪುಟ್ಟಯ್ಯನ ಪ್ಯಾಂಟು ಒದ್ದೆಯಾಯಿತು.

"ಗೊತ್ತಿಲ್ಲ ಸಾ."

"ಥೂ, ಉಚ್ಚೆ ಹೊಯ್ಕಂಡ! ಒರ್ಸು ಮೊದ್ಲು."

ಅವನು ಮಂಡಿಯೂರಿ ಒರೆಸತೊಡಗಿದ. ತಲೆಯ ಮೇಲೆ ಸಾಹೇಬರು ಫೋನಿನಲ್ಲಿ ಸೋಗಾನೆಯ ವಿಮಾನ ನಿಲ್ದಾಣದಲ್ಲಿದ್ದ ಹೆಲಿಕಾಪ್ಟರಿಗೆ ಜಾಗ ಹೇಳುತ್ತಿದ್ದರು. ಅವಳು ನಮ್ಮಕ್ಕ ಎಂದು ಆಗಲೂ ಹೇಳಬಹುದಿತ್ತು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

ಹೆಲಿಕಾಪ್ಟರು ಮರದ ತುದಿಗೆ ಇಳಿದು ಬಂದಾಗ ಹೆಂಗಸರು ಚೆದುರಿ ಓಡಿದರು. ಓಡಲಾರದ ಕಾಳಮ್ಮ ಬಂಡೆಯಿಂದ ಹಳ್ಳಕ್ಕೆ ಉರುಳಿದಳು.

ಮೂರನೇ ದಿನ ಆಸ್ಪತ್ರೆಯಲ್ಲಿ ಅವಳ ಎರಡೂ ಕಾಲಿಗೆ ಪಟ್ಟಿ, ಮಂಚದ ಪಕ್ಕ ಪೊಲೀಸಿನವನು.

"ಚೀಲ ಬಿಸಾಕಿ ಕೈ ಮೇಲೆತ್ತಿದ್ವಿ ಕಣೋ ಪುಟ್ಟಾ. ಮೇಲಿದ್ದೋರಿಗೆ ನಾವು ಹೆಂಗಸ್ರು ಅಂತ ಕಾಣ್ಲಿಲ್ವೇನೋ?"

ಪುಟ್ಟಯ್ಯ ಸರಿದಿದ್ದ ಹೊದಿಕೆಯನ್ನು ಅವಳ ಕಾಲಿನ ಮೇಲೆ ಎಳೆದ.

ಸಾಹೇಬರು ಟೈಪು ಮಾಡಿದ ಕಾಗದದೊಂದಿಗೆ ಬಂದರು.

"ನಿನ್ನ ಹೇಳಿಕೆ ಇದು. ಬಂದೂಕು ಹಿಡ್ಕೊಂಡು ಓಡಿದ್ರು, ಟಿ.ವಿ.ಯಲ್ಲಿ ನಾನೇ ನೋಡ್ದೆ ಅಂತ ಬರ್ದಿದೆ. ಸೈನ್ ಹಾಕು. ಕೆಲ್ಸ ಪರ್ಮನೆಂಟ್ ಮಾಡಿಸ್ತೀನಿ."

"ಹಾಕಲ್ಲ ಸಾ."

"ಏನಂದೆ?"

"ಅವತ್ತೇ ಗೊತ್ತಾಗಿತ್ತು. ಇವ್ಳು ನಮ್ಮಕ್ಕ ಅಂತ ನಡಿಗೇಲೇ ಗೊತ್ತಾಗಿತ್ತು. ಹೆದ್ರಿ ಸುಳ್ಳು ಹೇಳ್ದೆ. ಅದ್ನ ಬರ್ಕೊಳ್ಳಿ!"

ವಾರ್ಡಿನವರೆಲ್ಲ ತಿರುಗಿದರು. ಸಾಹೇಬರ ಏಟು ಕಪಾಳಕ್ಕೆ ಬಿತ್ತು. ಅದು ಅವನಿಗೆ ನಾಟಲಿಲ್ಲ. ಕಾಳಮ್ಮ ಅವನನ್ನೇ ಒಂದು ಕ್ಷಣ ನೋಡಿದಳು.

"ಅಕ್ಕಾ..."

ಅವಳು ಹೊದಿಕೆಯನ್ನು ಮೆಲ್ಲಗೆ ಮುಖದ ಮೇಲೆ ಎಳೆದುಕೊಂಡಳು.

ಪೊಲೀಸಿನವನು ಅವನ ರಟ್ಟೆ ಹಿಡಿದು ಹೊರಗೆ ಎಳೆಯತೊಡಗಿದ. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಪುಟ್ಟಯ್ಯ ಕೂಗಿದ:

"ನಂಗೆ ಗೊತ್ತಿತ್ತು ಕಣ್ರೋ! ಯಾರಾದ್ರೂ ಬರ್ಕೊಳ್ರೋ!"