ಮಾರ್ಲಾಳ ಎರಡು ಅಂಕ

ನನ್ನ ಮಗಳು ಡಾರ್ಸಿಯ ಕೈಗೆ ಚೆಂಡು ಬಂದಾಗಲೆಲ್ಲ "ಮೊಣಕಾಲು! ಮೊಣಕಾಲು!" ಎಂದು ಕೂಗುತ್ತಿದ್ದವರು ಅವಳದೇ ಕಾಲೇಜಿನ ಹುಡುಗರು. ಎದುರು ತಂಡದವರು ಕೂಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಾಸ್ಕೆಟ್‌ಬಾಲ್ ಎಂದರೆ ಪ್ರಾಣ ಬಿಡುವ ಇಂಡಿಯಾನಾದಲ್ಲಿ ಅದನ್ನು ಆಡುವ ಮಗುವನ್ನು ಹೆತ್ತವಳಿಗೆ ಪರರ ಬೈಗುಳ ಕಿವಿಗೆ ತಾಗುವುದಿಲ್ಲ. ಆದರೆ ಅವಳ ಅಂಗಿಯ ಮೇಲೆ ಅಚ್ಚಾಗಿದ್ದ ಕಾಲೇಜಿನ ಹೆಸರನ್ನೇ ತಮ್ಮ ಎದೆಯ ಮೇಲೂ ಹಾಕಿಕೊಂಡವರು ಇವರು.

ನವೆಂಬರಿನಲ್ಲಿ ನಡೆದದ್ದಿಷ್ಟು. ಅಭ್ಯಾಸದ ವೇಳೆ ಮಾರ್ಲಾ ಹೆನ್ಸ್ಲಿ ಬುಟ್ಟಿಯತ್ತ ನುಗ್ಗಿ ಬಂದಾಗ ನನ್ನ ಮಗಳು ಅವಳ ದಾರಿಯಲ್ಲಿ ಎರಡೂ ಪಾದ ಊರಿ ಅಲುಗದೆ ನಿಂತಳು. ಹಾಗೆ ನಿಂತವಳಿಗೆ ಡಿಕ್ಕಿ ಹೊಡೆದರೆ ನಿಯಮದ ಪ್ರಕಾರ ತಪ್ಪು ನುಗ್ಗಿದವಳದು. ಪಂದ್ಯದಲ್ಲಾಗಿದ್ದರೆ ಚಪ್ಪಾಳೆ ಸಿಗುತ್ತಿತ್ತು. ಅಭ್ಯಾಸದಲ್ಲಿ ಮಾತ್ರ ಸ್ವಂತ ತಂಡದವಳ ಎದುರು ಹಾಗೆ ಯಾರೂ ನಿಲ್ಲುವುದಿಲ್ಲ; ಪಕ್ಕಕ್ಕೆ ಸರಿದು ಹೋಗಲು ಬಿಡುತ್ತಾರೆ. ಎಲ್ಲೂ ಬರೆದಿಟ್ಟಿಲ್ಲದ ಮರ್ಯಾದೆ ಅದು. ಮಾರ್ಲಾ ಬಿದ್ದಳು, ಮೊಣಕಾಲಿನೊಳಗೆ ಏನೋ ಹರಿಯಿತು. ಆಕೆ ಅದೇ ಊರಿನವಳು, ಕೊನೆಯ ವರ್ಷದವಳು, ಕಾಲೇಜಿಗಾಗಿ ಸಾವಿರ ಅಂಕ ಗಳಿಸಲು ಎರಡೇ ಅಂಕ ಕಡಿಮೆ ಇದ್ದವಳು. ಸಾವಿರ ದಾಟಿದವರ ಹೆಸರನ್ನು ಆ ಕ್ರೀಡಾಂಗಣದ ಗೋಡೆಯ ಮೇಲೆ ಬರೆಯುತ್ತಾರೆ. ನನ್ನ ಮಗಳು ಪಕ್ಕದ ಜಿಲ್ಲೆಯಿಂದ ಬಂದ ಮೊದಲ ವರ್ಷದ ಹುಡುಗಿ. ಮುಂದಿನ ಪಂದ್ಯದಿಂದಲೇ ಮಾರ್ಲಾಳ ಜಾಗದಲ್ಲಿ ಆಡತೊಡಗಿದಳು, ಅದೂ ಚೆನ್ನಾಗಿ ಆಡಿದಳು. ಕೆಟ್ಟದಾಗಿ ಆಡಿದ್ದರೆ ಬಹುಶಃ ಕ್ಷಮಿಸುತ್ತಿದ್ದರು.

ಆಟ ಮುಗಿದ ಮೇಲೆ ತಂಡಕ್ಕೆ ಊಟ ಹಾಕುವುದು ತಾಯಂದಿರ ಪಾಲಿನ ಕೆಲಸ. ನಾನು ಪರ್ಸಿಮನ್ ಹಣ್ಣಿನ ಪುಡಿಂಗ್ ಮಾಡಿ ತರುತ್ತಿದ್ದೆ. ಅದು ಚಾಕು ಸೋಕದೆ ಹಾಗೇ ವಾಪಸು ಬರುತ್ತಿತ್ತು.

"ಬೇಜಾರು ಮಾಡ್ಕೋಬೇಡಿ ವರ್ನಾ," ಎಂದಿದ್ದಳು ಮಾರ್ಲಾಳ ತಾಯಿ ಗ್ವೆನ್, ಎಲ್ಲರಿಗೂ ಕೇಳುವಂತೆ. "ನಿಮ್ಮ ಕಡೆಯೋರು ಕೊಟ್ಟಿದ್ದನ್ನ ತಗೊಳ್ಳೋಕೆ ನಮ್ಮ ಹುಡುಗೀರಿಗೆ ಈಗ ಸ್ವಲ್ಪ ಭಯ."

ಉಳಿದ ತಾಯಂದಿರು ಪೇಪರ್ ತಟ್ಟೆಗಳನ್ನು ನೋಡುತ್ತ ನಕ್ಕರು.

ಬೇಕೆಂದೇ ಅಡ್ಡ ನಿಂತೆಯಾ ಎಂದು ನಾನು ಡಾರ್ಸಿಯನ್ನು ಯಾವತ್ತೂ ಕೇಳಲಿಲ್ಲ. ಉತ್ತರಕ್ಕೆ ನಾನು ಸಿದ್ಧಳಿರಲಿಲ್ಲ. ಬದಲಿಗೆ ನನ್ನ ತಂಗಿಯ ಊರಿನ ಕಾಲೇಜಿನ ಕೋಚ್ ಜೊತೆ ಮಾತಾಡಿದೆ. ಅವರು ಮುಂದಿನ ವರ್ಷಕ್ಕೆ ಅವಳನ್ನು ಸೇರಿಸಿಕೊಳ್ಳಲು ಒಪ್ಪಿದರು. ಡಾರ್ಸಿಗೆ ಹೇಳಿದೆ. "ಶನಿವಾರದ್ದು ಆಗ್ಲಿ ಅಮ್ಮಾ. ಆಮೇಲೆ ಹೇಳ್ತೀನಿ," ಎಂದಳು.

ಆ ಶನಿವಾರ ಮಧ್ಯಾಹ್ನದ್ದು ಕೊನೆಯ ವರ್ಷದವರನ್ನು ಬೀಳ್ಕೊಡುವ ಪಂದ್ಯ. ಪೆಟ್ಟಾಗಿ ಕೂತ ಹುಡುಗಿಯನ್ನು ಅಂದು ಅಂಗಳಕ್ಕಿಳಿಸಿ, ಯಾರೂ ತಡೆಯದೆ ಒಂದು ಬುಟ್ಟಿ ಹಾಕಲು ಬಿಡುವ ಪದ್ಧತಿ ನಮ್ಮಲ್ಲಿದೆ. ಬದಲಿಗೆ ಎದುರಿನವರಿಗೂ ಒಂದು ಬಿಟ್ಟುಕೊಡುತ್ತಾರೆ, ಆಮೇಲೆ ನಿಜವಾದ ಆಟ. ಡಾರ್ಸಿಯ ತಂಡದ ಕೋಚ್ ಟಿಲ್ಮನ್ ಎದುರು ತಂಡದವರ ಜೊತೆ ಎಲ್ಲ ಮಾತಾಡಿಕೊಂಡಿದ್ದಳು. ಡಾರ್ಸಿಗೆ ಹೇಳಿದ್ದು ಇಷ್ಟೇ: "ಪಾಸ್ ನೀನೇ ಕೊಡು. ಅವ್ಳು ಹಾಕ್ತಾಳೆ. ಹೋಗಿ ತಬ್ಕೋ. ಊರು ಮರ್ತುಬಿಡುತ್ತೆ."

ನಾನೂ ಅದನ್ನೇ ಆಸೆಪಟ್ಟೆ. ಆದರೂ ಕಾರಿನಲ್ಲಿ ಅವಳ ಹಾಸ್ಟೆಲಿನ ಸಾಮಾನು ಕಟ್ಟಲು ಖಾಲಿ ಪೆಟ್ಟಿಗೆಗಳನ್ನು ತುಂಬಿಕೊಂಡೇ ಬಂದೆ.

ಮಾರ್ಲಾ ಮೊಣಕಾಲಿಗೆ ಕಬ್ಬಿಣದ ಪಟ್ಟಿ ಬಿಗಿದುಕೊಂಡು ಕುಂಟುತ್ತ ಬಂದಾಗ ಜನ ಎದ್ದು ನಿಂತರು. ಗ್ವೆನ್ ನನ್ನ ಮುಂದಿನ ಸಾಲಿನಲ್ಲಿ ಫೋನ್ ಎತ್ತಿ ಹಿಡಿದು ಆಗಲೇ ಅಳುತ್ತಿದ್ದಳು. ಎದುರಿನವರು ಕೈ ಕೆಳಗಿಟ್ಟು ನಿಂತರು. ಡಾರ್ಸಿ ಚೆಂಡನ್ನು ಮೆತ್ತಗೆ, ಮಗುವಿಗೆ ಕೊಡುವ ಹಾಗೆ, ಮಾರ್ಲಾಳ ಕೈಗೆ ಹಾಕಿದಳು. ಮಾರ್ಲಾ ಬುಟ್ಟಿಯ ಕೆಳಗೇ ಇದ್ದಳು. ಒಂದೇ ಕಾಲಿನ ಮೇಲೆ ಭಾರ ಹಾಕಿ ಎಸೆದಳು.

ಚೆಂಡು ಬುಟ್ಟಿಯ ಬಳೆಗೆ ತಾಗಿ ಹೊರಗೆ ಪುಟಿಯಿತು.

ಆಮೇಲಿನದು ಒಂದು ರೆಪ್ಪೆ ಬಡಿಯುವಷ್ಟರ ಕೆಲಸ. ಎಲ್ಲರೂ ನಿಂತಲ್ಲೇ ನಿಂತಿದ್ದರು. ಅವಳೇ ಎತ್ತಿಕೊಂಡು ಇನ್ನೊಮ್ಮೆ ಹಾಕಲಿ ಎಂದು ಕಾಯುತ್ತಿದ್ದರು. ಕಾಯದೆ ಹೋದದ್ದು ನನ್ನ ಮಗಳ ದೇಹವೊಂದೇ. ಅದು ನೆಗೆಯಿತು, ಗಾಳಿಯಲ್ಲೇ ಚೆಂಡನ್ನು ಹಿಡಿದು ಬುಟ್ಟಿಗೆ ತಳ್ಳಿತು. ನೆಲಕ್ಕೆ ಬಂದ ಮೇಲೆ ಡಾರ್ಸಿಗೆ ತಾನೇನು ಮಾಡಿದೆನೆಂದು ಗೊತ್ತಾಯಿತು. ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

ಫಲಕದ ಮೇಲೆ ಎರಡು ಅಂಕ ಬಿದ್ದವು, ಅವಳ ಹೆಸರಿಗೆ.

ಆಗ ಬಂದ ಸದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಅಜ್ಜಿಯರು ಬೈಯುತ್ತಿದ್ದರು. ಯಾರೋ ಎಸೆದ ಪಾಪ್‌ಕಾರ್ನ್ ಡಬ್ಬಿ ನನ್ನ ಭುಜಕ್ಕೆ ತಾಗಿ ಚೆಲ್ಲಿತು. ಗ್ವೆನ್ ತಿರುಗಿದಳು.

"ಅದನ್ನೂ ಬಿಡ್ಲಿಲ್ವಲ್ಲೇ ನಿನ್ ಮಗಳು! ಅದೊಂದನ್ನೂ ಬಿಡ್ಲಿಲ್ಲ!"

ಕ್ಷಮೆ ಕೇಳುವ ಮಾತು ತುದಿನಾಲಿಗೆಗೆ ಬಂದಿತ್ತು. ನವೆಂಬರಿನಿಂದ ಅದನ್ನು ಬಾಯಲ್ಲಿ ಇಟ್ಟುಕೊಂಡೇ ಓಡಾಡಿದ್ದೆ. ಆದರೆ ಆ ಜಿಗಿತವನ್ನು ಕಣ್ಣಾರೆ ಕಂಡ ಮೇಲೆ ನನ್ನೊಳಗೆ ಏನೋ ಸ್ವಸ್ಥಾನಕ್ಕೆ ಬಂದು ಕೂತಿತು. ಅದರಲ್ಲಿ ದ್ವೇಷವಿರಲಿಲ್ಲ, ಲೆಕ್ಕಾಚಾರವಿರಲಿಲ್ಲ. ಯಾರು ಪ್ರೀತಿಸುತ್ತಾರೆ, ಯಾರು ಇಲ್ಲ ಎಂದು ವಿಚಾರಿಸುವಷ್ಟು ಪುರಸೊತ್ತು ಆ ದೇಹಕ್ಕಿರಲಿಲ್ಲ. ಎಲ್ಲರಿಗೂ ಬೇಕಾದವಳಾಗಲು ನಾನು ನನ್ನ ಇಡೀ ಪ್ರಾಯ ಕಳೆದಿದ್ದೆ. ಇವಳು ನನ್ನಂಥವಳಲ್ಲ.

"ಇಲ್ಲ ಗ್ವೆನ್," ಎಂದೆ. "ಅವಳ ಕೈಲಿ ಬಿಡೋಕಾಗಲ್ಲ."

ಎದುರು ತಂಡದ ಕೋಚ್ ಒಳ್ಳೆಯವಳು. ಇನ್ನೊಂದು ಸಲ ಹಾಕಲಿ ಎಂದು ಸನ್ನೆ ಮಾಡಿದಳು. ರೆಫರಿಯೂ ಕಾದ. ಮಾರ್ಲಾ ಬೇಡವೆಂದು ತಲೆಯಾಡಿಸಿದಳು. ಟಿಲ್ಮನ್ ಏನೋ ಕೂಗಿ ಕರೆದರೂ ಕೇಳದೆ ಕುಂಟುತ್ತ ಬೆಂಚಿಗೆ ಹೋಗಿ ಕೂತು ಮುಖಕ್ಕೆ ಟವೆಲ್ ಹಾಕಿಕೊಂಡಳು. ಎದುರಿನವರು ತಮ್ಮ ಪಾಲಿನ ಬುಟ್ಟಿ ಹಾಕಿದರು. ಆಟ ಶುರುವಾಯಿತು. ಡಾರ್ಸಿ ಕೊನೆಯವರೆಗೂ ಆಡಿದಳು, ಕೊನೆಯವರೆಗೂ ಬೈಸಿಕೊಂಡಳು. ಅವಳ ಕಾಲೇಜು ಗೆದ್ದಿತು. ಯಾರೂ ಅವಳ ಕೈ ತಟ್ಟಲಿಲ್ಲ.

ಊಟದ ಕೋಣೆಗೆ ನಾವು ಹೋಗಲಿಲ್ಲ. ಹಿಂಬಾಗಿಲಿನ ಹತ್ತಿರ ಅವಳಿಗಾಗಿ ಕಾಯುತ್ತ ನಿಂತಿದ್ದೆ. ಅವಳು ಬಂದಳು, ಅವಳ ಬೆನ್ನಿಗೇ ಮಾರ್ಲಾ.

"ಏಯ್ ಪ್ರೂಯಿಟ್," ಎಂದಳು ಮಾರ್ಲಾ, ನಮ್ಮ ಮನೆತನದ ಹೆಸರು ಹಿಡಿದು. ಕಣ್ಣು ಊದಿಕೊಂಡಿತ್ತು. "ನವೆಂಬರಲ್ಲಿ ಬೇಕಂತ್ಲೇ ನಿಂತ್ಯಾ?"

ನಾನು ಕೇಳಲಾರದೆ ಉಳಿದ ಪ್ರಶ್ನೆ.

"ನಿಲ್ಬೇಕು ಅಂತ ನಿಂತೆ," ಎಂದಳು ಡಾರ್ಸಿ. "ನೀನು ಬೀಳ್ಬೇಕು ಅಂತ ಅಲ್ಲ. ಅಭ್ಯಾಸ ಅಂತ ಮರ್ತೇ ಹೋಯ್ತು."

"ಇವತ್ತು?"

"ಇವತ್ತೂ ಅಷ್ಟೇ."

"ನಾನಾಗಿದ್ರೂ ಹಾಕ್ತಿದ್ದೆ," ಎಂದಳು ಮಾರ್ಲಾ. "ಹಾಗಂತ ನಿನ್ನ ಕ್ಷಮಿಸ್ತೀನಿ ಅನ್ಕೋಬೇಡ ಕಣೇ. ಸಾಯೋ ತನಕ ನಿನ್ನ ಮುಖ ಕಂಡ್ರೆ ನಂಗಾಗಲ್ಲ."

"ಕ್ಷಮಿಸು ಅಂತ ನಾನೆಲ್ಲಿ ಕೇಳ್ದೆ?"

ಮಾರ್ಲಾ ಬಾಗಿಲನ್ನು ದಡಾರನೆ ಎಳೆದುಕೊಂಡು ಒಳಗೆ ಹೋದಳು.

ಕಾರಿನ ಹಿಂದೆ ಪೆಟ್ಟಿಗೆಗಳು ಕಾಣುತ್ತಿದ್ದವು. ಡಾರ್ಸಿ ಅವನ್ನು ನೋಡಿದಳು, ನನ್ನನ್ನೂ ನೋಡಿದಳು. "ಚಿಕ್ಕಮ್ಮನ ಊರಲ್ಲಿ ಎಲ್ರೂ ಒಳ್ಳೆಯವರಾ?"

"ಹೌದು," ಎಂದೆ.

"ಮಾರ್ಲಾಳಷ್ಟು, ಇಲ್ಲಿಯೋರಷ್ಟು ಚೆನ್ನಾಗಿ ಆಡೋರು ಯಾರಾದ್ರೂ ಇದಾರಾ?"

ಇಲ್ಲ ಎಂದು ನನಗೂ ಗೊತ್ತಿತ್ತು.

ಆಗ ಪಿಕಪ್ ಗಾಡಿಯೊಂದು ಹಾರ್ನ್ ಬಾರಿಸುತ್ತ ನಮ್ಮ ಪಕ್ಕದಲ್ಲೇ ನಿಧಾನಿಸಿತು. ಕಿಟಕಿಯಿಂದ ಒಬ್ಬ ಅರ್ಧ ಹೊರಬಾಗಿ, "ಮನೆಗೆ ಹೋಗೇ!" ಎಂದು ಕಿರುಚಿದ.

"ಹೊರಟೆ ಕಣಣ್ಣಾ," ಎಂದಳು ಡಾರ್ಸಿ. ನನ್ನ ಕೆನ್ನೆಗೊಂದು ಮುತ್ತು ಕೊಟ್ಟು, ಚೀಲವನ್ನು ಹೆಗಲಿಗೇರಿಸಿ, ಹಾಸ್ಟೆಲಿನ ಕಡೆ ನಡೆದಳು.