ಅಳಿಸಿಹೋದ ಮುದ್ರೆ

ಎಪ್ಪತ್ತೊಂದರ ವಯಸ್ಸಿನಲ್ಲಿ ಎದೆ ಡವಗುಟ್ಟಿದರೆ ಡಾಕ್ಟರ ಹತ್ತಿರ ಓಡಬೇಕು. ಎರ್ಮೆಲಿಂಡಾ ಓಡಿದ್ದು ಕೀತೋ ಊರಿನ ಹಳೇ ಸೆರೆಮನೆಗೆ. ಈಗದು ವಸ್ತುಸಂಗ್ರಹಾಲಯ. ಜೊತೆಗೆ ಸೆಗುಂದೊ ಟಿಪಾನ್, ಒಂದು ಕಾಲದಲ್ಲಿ ಅಲ್ಲಿಯದೇ ಹೆಬ್ಬಾಗಿಲು ಕಾಯುತ್ತಿದ್ದವನು. ಇಬ್ಬರೂ ಸಂಗಾತಿಯನ್ನು ಕಳೆದುಕೊಂಡವರು. ಮದುವೆಯಾಗೋಣ ಅಂತ ಅವನು ಕೇಳಿ ಮೂರು ತಿಂಗಳಾಗಿತ್ತು. ಇವತ್ತು ಹೂಂ ಅಂದೇಬಿಡಬೇಕೆಂದು ಅವಳು ಹೊಸ ಶಾಲು ಹೊದ್ದು ಬಂದಿದ್ದಳು. ಆದರೆ ಮಾತು ನಾಲಿಗೆ ತುದಿಗೆ ಬಂದು ಸುಮ್ಮನೆ ನಗುವಾಗಿಬಿಡುತ್ತಿತ್ತು.

ಒಳಗೆ ಮೇಣದ ಕಾವಲುಗಾರನೊಬ್ಬ ನಿಂತಿದ್ದ.

"ನಿಮಗಿಂತ ಇವನೇ ಲಕ್ಷಣವಾಗಿದಾನೆ."

"ಅವನಿಗೆ ಪಿಂಚಣಿ ಬರಲ್ಲ, ಯೋಚ್ನೆ ಮಾಡು."

ಅವಳು ಬಿದ್ದು ಬಿದ್ದು ನಕ್ಕಳು. ಮುಖ ತೊಳೆದುಕೊಂಡು ಹೇಳಿಬಿಡೋಣವೆಂದು ಬಚ್ಚಲಿಗೆ ಹೋದಳು. ಮೊಣಕೈವರೆಗೆ ಸೋಪು ಹಚ್ಚಿದಾಗ, ಟಿಕೆಟಿನ ಹುಡುಗಿ ತೋಳಿಗೆ ಒತ್ತಿದ್ದ ಮುದ್ರೆ ಅಳಿಸಿಹೋಯಿತು.

ಹೊರಬಾಗಿಲಿಗೆ ಬಂದರೆ ಕಾಲೇ ಏಳಲಿಲ್ಲ. ಇಲ್ಲಿ ಕೈದಿಯಾಗಿದ್ದ ಅಣ್ಣನನ್ನು ನೋಡಲು ಭಾನುವಾರ ಬರುತ್ತಿದ್ದ ಕಾಲದಲ್ಲಿ, ಒಳಗೆ ಬರುವ ಹೆಂಗಸರ ತೋಳಿಗೆ ಹೀಗೇ ಒತ್ತುತ್ತಿದ್ದರು. ಲಂಗ ತೊಟ್ಟು ಕೈದಿಗಳು ಜಾರಿಕೊಳ್ಳಬಾರದಲ್ಲ. ಮುದ್ರೆ ಇಲ್ಲದವಳಿಗೆ ಹೊರಗೆ ದಾರಿಯಿಲ್ಲ. ಈಗ ಜನ ಆರಾಮಾಗಿ ದಾಟಿ ಹೋಗುತ್ತಿದ್ದರು, ಕೇಳುವವರೇ ಇಲ್ಲ. ಅವಳು ಮಾತ್ರ ನೆಟ್ಟ ಕಂಬವಾಗಿದ್ದಳು.

ಹೊರಗೆ ಎರಡು ಐಸ್‌ಕ್ರೀಮು ಹಿಡಿದು ಸೆಗುಂದೊ ಕರೆದ. "ಬಾ, ಕರಗ್ತಿದೆ."

"ಮುದ್ರೆ ಹೋಯ್ತು. ಬಿಡಲ್ಲ."

"ಯಾರು ಬಿಡಲ್ಲ?"

"ನೀವೇ. ಆವತ್ತು ಬೆವರಿಗೆ ಅಳಿಸಿಹೋಗಿತ್ತು ಅಂತ ಮೂರು ಗಂಟೆ ಹೊತ್ತು ನಿಲ್ಲಿಸಲಿಲ್ವಾ? ಬಸ್ಸು ತಪ್ಪಿ ಮನೆಗೆ ನಡೆದು ಹೋದೆ, ಅಮ್ಮ ಸೌಟಲ್ಲಿ ಹೊಡೆದಳು."

ಸೆಗುಂದೊನ ಕಿವಿ ಕೆಂಪಾಯಿತು. "ಆವತ್ತು ಹನ್ನೊಂದು ಜನರದ್ದು ಅಳಿಸಿತ್ತು. ಹತ್ತು ಜನರನ್ನ ಬಿಟ್ಟೆ."

"ನನ್ನನ್ನ?"

"ನಿನ್ನನ್ನ ಇನ್ನೊಂದು ಸ್ವಲ್ಪ ಹೊತ್ತು ನೋಡೋಣ ಅನ್ನಿಸ್ತು. ತಪ್ಪೇ, ಒಪ್ಕೋತೀನಿ."

ಐವತ್ತು ವರ್ಷ ಹೊತ್ತ ಭಯಕ್ಕೆ ಇಷ್ಟೇ ಕಾರಣವೇ? ಎರ್ಮೆಲಿಂಡಾಗೆ ಮೈಯೆಲ್ಲ ಉರಿಯಿತು. ದಡದಡ ಹೊಸ್ತಿಲು ದಾಟಿ ಬಂದು ಎರಡೂ ಐಸ್‌ಕ್ರೀಮು ಕಿತ್ತುಕೊಂಡಳು. ಹೊರಗೆ ಬಂದದ್ದು ಅವಳ ಗಮನಕ್ಕೇ ಬರಲಿಲ್ಲ.

"ನಿಂತ್ಕೊಳ್ಳಿ ಅಲ್ಲೇ. ಮೂರು ಗಂಟೆ. ಆಮೇಲೆ ಉತ್ತರ ಹೇಳ್ತೀನಿ."

ಅವನು ನಿಂತ, ಹಳೇ ಅಭ್ಯಾಸದಂತೆ ಎದೆ ಸೆಟೆಸಿ. ಪ್ರವಾಸಿಗಳಿಬ್ಬರು ಅವನನ್ನೂ ಪ್ರದರ್ಶನದ ಬೊಂಬೆಯೆಂದು ತಿಳಿದು ಫೋಟೊ ತೆಗೆದರು. ಅವನು ಕಣ್ಣು ಮಿಟುಕಿಸಲಿಲ್ಲ. ಕಲ್ಲುಬೆಂಚಿನಲ್ಲಿ ಕೂತು ಎಡಕ್ಕೊಂದು ಬಲಕ್ಕೊಂದು ನೆಕ್ಕುತ್ತಿದ್ದವಳಿಗೆ ಸಿಟ್ಟೂ ನಗೂ ಒಟ್ಟಿಗೇ ಉಕ್ಕಿ ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ಹತ್ತು ನಿಮಿಷವೂ ಕಳೆದಿರಲಿಲ್ಲ.

"ಸಾಕು, ಬನ್ನಿ ಮಾರಾಯ್ರೆ," ಅಂದಳು. "ಪಾದ್ರಿ ಐದಕ್ಕೆಲ್ಲ ಬಾಗಿಲು ಹಾಕಿಬಿಡ್ತಾರೆ. ಇವತ್ತೇ ಮದುವೆಗೆ ಹೆಸರು ಬರೆಸಿಬರೋಣ."